ದಕ್ಷಿಣಕ್ಕೆ ನಡೆದವನ ಎಡಗೈ

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ದಿಕ್ಕು ಗೊತ್ತಾಗುವುದು ಹೆಣದ ಲೆಕ್ಕದಲ್ಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಅಶೋಕಪುರಂ ಆಚೆಯ ಸ್ಮಶಾನವೊಂದರಲ್ಲಿ ನಲವತ್ತು ವರ್ಷ ಗುಂಡಿ ತೋಡಿದವನು ನಾನು. ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ. ಇದೊಂದು ಯಾವತ್ತೂ ತಪ್ಪಿಲ್ಲ. ಮಲಗಿದವರು ಯಾರೂ ಎದ್ದು ಬಂದು ದೂರು ಕೊಟ್ಟಿಲ್ಲವೆನ್ನುವುದೇ ನನ್ನ ಸರ್ಟಿಫಿಕೇಟು.

ಇವತ್ತು ಇದೆಲ್ಲ ಬರೆಯಲು ಕಾರಣ, ಸಂತೋಷ ತಡೆಯಲಾಗುತ್ತಿಲ್ಲ. ಮೊಮ್ಮಗಳು ರಂಜಿತಾ ಪೊಲೀಸ್ ಪರೀಕ್ಷೆ ಪಾಸಾಗಿದ್ದಾಳೆ! ಹಾಲಿನವನಿಗೆ ಎರಡು ಸಲ ಹೇಳಿದೆ. ಮೂರನೇ ಸಲಕ್ಕೆ ಅವನು ಬೇರೆ ಬೀದಿ ಹಿಡಿದ.

ಹಿಂದೆ ಎರಡು ಸಲ ಅವಳನ್ನು ಕೆಡವಿದ್ದು ದಿಕ್ಕು-ದೂರದ ಲೆಕ್ಕಗಳೇ. ಈ ಸಲ ತಪ್ಪಿದ್ದರೆ ವಯಸ್ಸು ಮೀರುತ್ತಿತ್ತು, ಅಲ್ಲಿಗೆ ಮುಗಿಯಿತು. ಲೆಕ್ಕ ಹೀಗಿರುತ್ತದೆ: ಒಬ್ಬ ಮನೆಯಿಂದ ದಕ್ಷಿಣಕ್ಕೆ ಮೂರು ಕಿಲೋಮೀಟರ್ ನಡೆದ, ಎಡಕ್ಕೆ ತಿರುಗಿ ನಾಲ್ಕು ನಡೆದ, ಈಗ ಮನೆಯಿಂದ ಎಷ್ಟು ದೂರ, ಯಾವ ದಿಕ್ಕು? ಪಾಪ, ಅವನು ಯಾಕೆ ನಡೆಯುತ್ತಾನೆ, ಉಂಡನೋ ಇಲ್ಲವೋ, ಒಬ್ಬರೂ ಕೇಳುವುದಿಲ್ಲ. ನಮ್ಮ ಹುಡುಗಿ ಪ್ರತಿ ಸಲವೂ ಅವನನ್ನು ಪಶ್ಚಿಮಕ್ಕೆ ತಿರುಗಿಸುತ್ತಿದ್ದಳು.

"ಮಲಿಕ್ಕೋ ಮಗ, ದಕ್ಷಿಣಕ್ಕೆ ತಲೆ ಹಾಕು" ಅಂತ ಈ ಸಲದ ಪರೀಕ್ಷೆಗೆ ಮುಂಚೆ ಒಂದು ದಿನ ಹೇಳಿದೆ. ಮಲಗಿದಳು. "ಈಗ ಎದ್ದು ಕೂತ್ಕೊ. ಮುಖ ಎತ್ಲಾಗೆ?"

"ಉತ್ತರಕ್ಕೆ."

"ಬಲಗೈ?"

"ಬೆಟ್ಟದ ಕಡೆ. ಪೂರ್ವ."

"ದಕ್ಷಿಣಕ್ಕೆ ನಡೆಯೋನು ಇದಕ್ಕೆ ಉಲ್ಟಾ ಕಣಮ್ಮ. ಬೆಟ್ಟ ಅವನ ಎಡಗೈಗೆ."

ಬಾಗಿಲಲ್ಲಿ ನಿಂತಿದ್ದ ಸೊಸೆ, "ಏನ್ ಮಾವ, ಬದುಕಿರೋ ಮಗೀನ ಹೆಣದಂಗೆ ಮಲಗಿಸ್ಬುಟ್ರಲ್ಲ!" ಎಂದು ಅತ್ತೇಬಿಟ್ಟಳು. ಅಳಬೇಕಾದವಳೇ. ಅವಳ ಗಂಡ, ನನ್ನ ಒಬ್ಬನೇ ಮಗ, ಹನ್ನೊಂದು ವರ್ಷದ ಹಿಂದೆ ಕಾಮಾಲೆಯಾಗಿ ಹೋದ. ಅವನ ಗುಂಡಿಯನ್ನೂ ನಾನೇ ತೋಡಿದೆ. ಇನ್ನೊಬ್ಬರ ಕೈಗೆ ಗುದ್ದಲಿ ಕೊಡಲು ಮನಸ್ಸು ಬರಲಿಲ್ಲ.

ದಿಕ್ಕಿನಲ್ಲಿ ನಾನು ಪಂಡಿತ, ದೂರದಲ್ಲಿ ದಡ್ಡ. ಮೂರೂ ನಾಲ್ಕೂ ಏಳು ಅಂದೆ. ರಂಜಿತಾ ನಕ್ಕಳು. "ನೆಟ್ಟಗೆ ಅಳೀಬೇಕು ತಾತ. ಐದು."

"ಅಂಗಾರೆ ಅವನು ಸುತ್ತಿದ್ದು ಸುಳ್ಳಾ?"

"ಸುತ್ತಿದ್ದನ್ನ ಯಾರ್ ಕೇಳ್ತಾರೆ, ಬುಡು ತಾತ."

ಆ ಮಾತು ನನಗೆ ಚುಚ್ಚಿತು. ನಮ್ಮ ಮನೆ ಸ್ಮಶಾನದ ಗೇಟಿನ ಪಕ್ಕದಲ್ಲೇ. ಮಗ ಮಲಗಿರುವುದು ಗೇಟಿಗೆ ನೇರವಾಗಿ. ಅವನನ್ನು ದಾಟಿ ಹೋಗಲಾರದೆ ಹನ್ನೊಂದು ವರ್ಷವೂ ಗೇಟಿನೊಳಗಿನ ಬಾವಿಯ ಹಿಂದಿನಿಂದ ಸುತ್ತಿಕೊಂಡೇ ಕೆಲಸಕ್ಕೆ ಹೋದವನು ನಾನು.

ಪರೀಕ್ಷೆಯಲ್ಲಿ ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮಲಗಿ ಎದ್ದಳಂತೆ. ಪಕ್ಕದ ಹುಡುಗಿ ಇವಳಿಗೆ ತಲೆ ತಿರುಗಿತೆಂದು ನೀರು ಕೊಟ್ಟಳಂತೆ!

ಇವತ್ತು ಫಲಿತಾಂಶ ನೋಡಿದವಳೇ ಮೈಸೂರುಪಾಕಿನ ಪೊಟ್ಟಣ ಹಿಡಿದು, "ಬಾ ತಾತ, ಅಪ್ಪನಿಗೆ ಹೇಳ್ಬುಟ್ಟು ಬರಾಣ" ಅಂದಳು. ಗೇಟು ದಾಟಿದ್ದೇ ನನ್ನ ಕಾಲು ಬಾವಿಯ ಕಡೆಗೆ ತಿರುಗಿತು. ಅವಳು ಕೈ ಹಿಡಿದು ಎಳೆದಳು. ನೆಟ್ಟಗೆ ಹೋದೆವು. ಅರವತ್ತೆರಡು ಹೆಜ್ಜೆ, ಅಷ್ಟೇ ಇದ್ದದ್ದು.

ಕಲ್ಲಿಲ್ಲ, ಹೆಸರಿಲ್ಲ, ಬರೀ ಮಣ್ಣಿನ ದಿಬ್ಬ. ರಂಜಿತಾ ಮಂಡಿಯೂರಿ ಕೂತು ಒಂದು ತುಂಡು ತೆಗೆದು ಅಪ್ಪನ ಬಲಗೈ ಇರುವ ಕಡೆ ಇಟ್ಟಳು. ಬೆಟ್ಟ ನೋಡಲಿಲ್ಲ, ನನ್ನನ್ನೂ ಕೇಳಲಿಲ್ಲ.

ಸರಿಯಾಗಿ ಪೂರ್ವಕ್ಕೇ ಇಟ್ಟಿದ್ದಳು.