ಬಲಗಡೆ ಸೀಟಿನ ಹಿಂದೆ ಒಂದು ಗೇಣು

ನನ್ನ ಗಂಡ ಬಲ್ಗಾಸೆಮ್ ಅನುಮಾನದ ಪಿಶಾಚಿ. ಕಲ್ಲಂಗಡಿ ಕೊಳ್ಳಲು ಹೋದರೆ ಅಂಗಡಿಯವನು ಎತ್ತಿಕೊಟ್ಟದ್ದನ್ನು ಬಿಟ್ಟು ಅವನ ಬೆನ್ನ ಹಿಂದಿರುವುದನ್ನೇ ಕೇಳುತ್ತಾರೆ. ನಾನು ತವರಿನಿಂದ ಒಂದು ದಿನ ಮೊದಲೇ ಬಂದುಬಿಟ್ಟರೆ, ಯಾಕೆ ಬಂದಳು ಎಂದು ವಾರವಿಡೀ ತಲೆಗೆ ಹುಳ ಬಿಟ್ಟುಕೊಳ್ಳುತ್ತಾರೆ. ಇಪ್ಪತ್ತಾರು ವರ್ಷದಿಂದ ಇದನ್ನು ನೋಡಿ ನಗುತ್ತಾ ಬಂದವಳು ನಾನು. ಈಗ ನಗು ಬರುವುದಿಲ್ಲ.

ಮೆದನೀನ್ ಪಟ್ಟಣದ ಹೊರಗೆ, ಗಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಮನೆ. ಮನೆಗೆ ಅಂಟಿಕೊಂಡೇ ಇವರ ಬಡಗಿ ಅಂಗಡಿ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿಯಿದೆ, ಅಂಗಡಿಯ ಮಾತೆಲ್ಲ ಅದರಿಂದ ನನ್ನ ಕಿವಿಗೆ ಬೀಳುತ್ತದೆ. ಪಿಕಪ್ ಗಾಡಿಯ ಸೀಟಿನ ಹಿಂದೆ ಸಾಮಾನಿನ ಪೆಟ್ಟಿಗೆ ಕೂರಿಸುವುದರಲ್ಲಿ ಇವರನ್ನು ಮೀರಿಸುವವರು ಸುತ್ತಮುತ್ತ ಇಲ್ಲ. ಮೊದಲು ರಟ್ಟು ಕತ್ತರಿಸಿ ಗಾಡಿಯ ಗೋಡೆಯ ಡೊಂಕನ್ನೆಲ್ಲ ಅದರಲ್ಲಿ ಹಿಡಿಯುತ್ತಾರೆ. ಆಮೇಲೆ ಹಲಗೆ ಕೊಯ್ಯುತ್ತಾರೆ. ಬ್ರೇಕ್ ಹಾಕಿದಾಗ ಡ್ರಾಯರ್ ಮುಂದಕ್ಕೆ ಜಾರದಂತೆ ಹಿಂದಕ್ಕೆ ಸ್ವಲ್ಪ ವಾಲಿಸುತ್ತಾರೆ. ಸ್ಪ್ಯಾನರುಗಳು ಗಲಗಲ ಅನ್ನದಂತೆ ಒಳಗೆ ಹಳೇ ಜಮಖಾನದ ತುಂಡು ಹಾಸುತ್ತಾರೆ. ಒಂದು ಬೆರಳಿನಷ್ಟು ಜಾಗ ವ್ಯರ್ಥವಾದರೂ ಇವರಿಗೆ ಊಟ ಸೇರುವುದಿಲ್ಲ.

ಹೋದ ವಸಂತದಲ್ಲಿ ಲಮೀನ್ ಬಂದ. ಬಾವಿಗಳ ಮೋಟಾರು ರಿಪೇರಿ ಮಾಡುವವನು, ನಾಲ್ಕು ಬೀದಿ ಆಚೆಯವನು.

"ಉಸ್ತಾದ್, ನನ್ನ ಸೀಟಿನ ಹಿಂದೆ ಪೂರ್ತಿ ಪೆಟ್ಟಿಗೆ ಬೇಕು. ಬಲಗಡೆ ಸೀಟಿನ ಹಿಂದೆ ಮಾತ್ರ ಒಂದು ಗೇಣು ಖಾಲಿ ಬಿಡು."

"ಖಾಲಿನಾ? ಯಾಕೆ?"

"ಇರ್ಲಿ ಬಿಡು. ಆ ಕಡೆ ಹಲಗೆಗೆ ದಪ್ಪ ಸ್ಪಂಜು ಇಟ್ಟು ಮೇಲೆ ಬಟ್ಟೆ ಹೊಡಿ. ಗುರುವಾರ ಬೆಳಿಗ್ಗೆ ಸ್ಫಾಕ್ಸ್ ಪಟ್ಟಣಕ್ಕೆ ಹೊರಡ್ಬೇಕು, ಬುಧವಾರ ಕೊಟ್ಬಿಡು."

"ಅಲ್ಲಯ್ಯಾ, ಆ ಗೇಣಲ್ಲಿ ಏನಿಡ್ತೀಯ?"

"ನನಗೆ ಬೇಕಾಗಿದೆ ಅಂದ್ನಲ್ಲ."

ಕಿಂಡಿಯಲ್ಲಿ ಇಣುಕಿದೆ. ಲಮೀನನ ಮುಖ ಕೆಂಪಾಗಿತ್ತು. ಕಣ್ಣು ನೆಲದ ಮೇಲಿತ್ತು.

ಅಷ್ಟು ಸಾಕಾಯಿತು ನಮ್ಮವರಿಗೆ. ಪಕ್ಕದ ಬೀದಿಯ ವೆಲ್ಡಿಂಗ್‌ನವನು ಯಾರಿಗೋ ಕಳ್ಳಸಾಮಾನು ಬಚ್ಚಿಡಲು ಗಾಡಿಯ ಟ್ಯಾಂಕಿಗೆ ಎರಡು ತಳ ಹಾಕಿಕೊಟ್ಟು ಎಂಟು ತಿಂಗಳು ಜೈಲಿನಲ್ಲಿ ಕೊಳೆತು ಬಂದಿದ್ದ. ಅದು ಇವರ ತಲೆಯಲ್ಲಿ ಕೂತಿತ್ತು. "ಸ್ಪಂಜಿನೊಳಗೆ ಮತ್ತಿನ ಮಾತ್ರೆ ತುಂಬ್ತಾನೆ. ಸಿಕ್ಕಿಬಿದ್ದರೆ ಪೆಟ್ಟಿಗೆ ಮಾಡಿದವನನ್ನೂ ಎಳೀತಾರೆ," ಎಂದು ಮೂರು ದಿನ ಗೊಣಗಿದರು. ಬುಧವಾರ ಪೆಟ್ಟಿಗೆ ಕೂರಿಸಿಕೊಟ್ಟರು. ಲಮೀನ್ ಹೋದ ಮೇಲೆ ಅಡುಗೆಮನೆಗೆ ಬಂದು, ತಪಾಸಣೆ ಚೌಕಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಹಚ್ಚಿದರು. ಗಾಡಿ ಯಾವುದು, ಹೊರಡುವ ದಿನ ಯಾವುದು, ಬಲಗಡೆ ಸೀಟು, ಸ್ಪಂಜು, ಎಲ್ಲ ಹೇಳಿದರು. ನಾನು ಹಿಟ್ಟು ನಾದುತ್ತಿದ್ದೆ. ನಾದುತ್ತಲೇ ಇದ್ದೆ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಶುಕ್ರವಾರ ಸುದ್ದಿ ಬಂತು. ಗಾಡಿ ತಡೆದರಂತೆ, ಪೆಟ್ಟಿಗೆ ಒಡೆದರಂತೆ, ಸ್ಪಂಜು ಸೀಳಿದರಂತೆ. ಸಿಕ್ಕಿದ್ದು ಪೈಪು ಹಿಡಿಯುವ ಸ್ಪ್ಯಾನರು, ಬೇಯಿಸಿದ ಮೊಟ್ಟೆ, ರೊಟ್ಟಿ. ಜೊತೆಗೆ ಹೆಂಡತಿಯಿದ್ದಳಂತೆ. ಒಂದು ಡಬ್ಬಿ ಖರ್ಜೂರ ತೆಗೆದುಕೊಂಡು ಅವರ ಮನೆಗೆ ಓಡಿದೆ.

ಲಮೀನನ ಹೆಂಡತಿ ಮಬ್ರೂಕಾ ಗೋಡೆಗೆ ದಿಂಬು ಕೊಟ್ಟು ಅರ್ಧ ಮಲಗಿದ್ದಳು. ಬೆನ್ನುಮೂಳೆಯಲ್ಲಿ ಗಡ್ಡೆ, ನೆಟ್ಟಗೆ ಕೂರಲಾಗುವುದಿಲ್ಲ.

"ಸೀಟು ಹಿಂದಕ್ಕೆ ವಾಲಲಿ ಅಂತ ಇವ್ರು ಹಿಂದೆ ಒಂದು ಗೇಣು ಜಾಗ ಬಿಡಿಸಿದ್ರು ಅಕ್ಕಾ. ತಾಗಿದ್ರೂ ನೋಯ್ಬಾರ್ದು ಅಂತ ಸ್ಪಂಜು," ಎಂದಳು. "ಎರಡು ಗಂಟೆ ಬಿಸಿಲಲ್ಲಿ ಕಲ್ಲಿನ ಮೇಲೆ ಕೂರಿಸಿದ್ರು. ಸ್ಫಾಕ್ಸ್‌ನ ಡಾಕ್ಟರು ಕೊಟ್ಟ ಹೊತ್ತು ತಪ್ಪಿಹೋಯ್ತು. ಇನ್ನೆರಡು ತಿಂಗಳು ಕಾಯ್ಬೇಕು."

ನಮ್ಮ ಕಡೆ ಗಂಡಸು ಇನ್ನೊಬ್ಬ ಗಂಡಸಿನ ಮುಂದೆ ಹೆಂಡತಿಯ ಹೆಸರೆತ್ತುವುದಿಲ್ಲ. ಅವಳ ಬೆನ್ನಿನ ಮಾತಂತೂ ದೂರವೇ ಉಳಿಯಿತು. ಹೇಳುವ ಬದಲು ಲಮೀನ್ ಕೆಂಪಾಗಿದ್ದ, ಅಷ್ಟೇ. ನಮ್ಮವರು ನನ್ನನ್ನು ಕೇಳಿದ್ದರೆ ಹೆಂಗಸರ ಬಾಯಿಂದ ಒಂದೇ ಗಳಿಗೆಯಲ್ಲಿ ತಿಳಿದು ಬರುತ್ತಿದ್ದೆ.

ಮಬ್ರೂಕಾ ಅಳಲು ಶುರುಮಾಡಿದಳು. "ನನ್ನ ತಮ್ಮ ತಿಜಾನಿಯೇ ಚಾಡಿ ಹೇಳಿದ ಅಂತಾರೆ ಇವ್ರು. ಮನೆಗೆ ಕಾಲಿಡ್ಬೇಡ ಅಂದ್ಬಿಟ್ರು. ದಿನಾ ಹಾಲು ತಂದು ಕೊಡೋನು ಅಕ್ಕಾ, ಬಚ್ಚಲಿಗೂ ಎತ್ಕೊಂಡು ಹೋಗೋನು. ನನಗೆ ಅಂತ ಇರೋನು ಅವನೊಬ್ಬನೇ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಮಸೆಯುತ್ತಿದ್ದ ಉಳಿಯನ್ನು ಅವರು ಕೆಳಗಿಟ್ಟರು.

"ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ," ಎಂದರು.

ಮರುದಿನ ಲಮೀನ್ ಒಡೆದ ಹಲಗೆಗಳನ್ನು ಹೊತ್ತು ತಂದ. ಇವರು ಎರಡು ದಿನ ಕೂತು ಹೊಸದಾಗಿ ಕಟ್ಟಿದರು, ಬಾಯಿ ಮಾತ್ರ ಬಿಡಲಿಲ್ಲ. ಒಯ್ಯಲು ಬಂದ ಲಮೀನ್ ಚಹಾ ಕುಡಿಯುತ್ತಾ ತಾನೇ ಮಾತೆತ್ತಿದ.

"ಹೊರಡೋ ದಿನ ಗೊತ್ತಿದ್ದದ್ದು ಗಂಡಸರಲ್ಲಿ ಮೂರೇ ಜನಕ್ಕೆ. ನಾನು, ನೀನು, ತಿಜಾನಿ. ಆಲಿವ್ ಮರಗಳಲ್ಲಿ ನಮಗೆ ಪಾಲು ಬಂತು ಅಂತ ನನ್ನ ಮೇಲೆ ಅವನಿಗೆ ಹೊಟ್ಟೆಯುರಿ."

"ನಾನೇ ಫೋನ್ ಮಾಡಿದ್ದು ಲಮೀನ್," ಎಂದರು ನನ್ನ ಗಂಡ.

ಲಮೀನ್ ಲೋಟ ಕೆಳಗಿಟ್ಟ. ಆಮೇಲೆ ನಕ್ಕ.

"ತಪ್ಪು ನೀನು ಹೊತ್ಕೋ ಅಂತ ತಿಜಾನಿ ಬಂದು ಕಾಲಿಗೆ ಬಿದ್ನಾ?"

"ಇಲ್ಲಪ್ಪ. ಚೌಕಿಗೆ ನಾನೇ ಹೇಳಿದ್ದು."

"ಯಾಕ್ ಸುಮ್ನೆ ಮೈಮೇಲೆ ಎಳ್ಕೊಳ್ತೀಯ? ಆ ಗೇಣು ಯಾಕೆ ಅಂತ ನೀನು ಕೇಳಿದೆ, ನಾನು ಹೇಳ್ಲಿಲ್ಲ ಅಂದಾಗ ಸುಮ್ಮನಾದೆ. ಅಷ್ಟು ಮರ್ಯಾದಸ್ಥ ನೀನು."

ಇವರು ಅಲ್ಲೇ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, ಮಾತು ಇಬ್ಬರಿಗೂ ಕೇಳುವಂತೆ ಇಟ್ಟರು. ಅವನಿಗೆ ನೌಕರಿ ಹೋಗುವ ಭಯ. "ನೀನು ನನಗೆ ಏನೂ ಹೇಳಿಲ್ಲಪ್ಪ, ಯಾವ ಗಾಡಿ?" ಎಂದು ಫೋನ್ ಇಟ್ಟುಬಿಟ್ಟ.

"ನೋಡಿದ್ಯಾ?" ಲಮೀನ್ ಇವರ ಹೆಗಲು ತಟ್ಟಿದ. "ಒಳ್ಳೆಯವನು ನೀನು. ಆದರೆ ಆ ನಾಯಿಗೋಸ್ಕರ ಸುಳ್ಳು ಹೇಳ್ಬೇಡ."

ನನಗೆ ತಡೆಯಲಾಗಲಿಲ್ಲ. ಹೊರಗಿನ ಗಂಡಸಿರುವಾಗ ಆ ಅಂಗಡಿಗೆ ನಾನು ಎಂದೂ ಕಾಲಿಟ್ಟವಳಲ್ಲ. ತಲೆಯ ಮೇಲೆ ಹೊದಿಕೆ ಎಳೆದುಕೊಂಡು ಹೋಗಿ ಎದುರಿಗೆ ನಿಂತೆ.

"ಲಮೀನ್, ನನ್ನ ಅಡುಗೆಮನೆಯಲ್ಲಿ ನಿಂತೇ ಇವ್ರು ಫೋನ್ ಮಾಡಿದ್ದು. ಗುರುವಾರ ಅಂದ್ರು, ಬಲಗಡೆ ಸೀಟು ಅಂದ್ರು, ಸ್ಪಂಜು ಅಂದ್ರು. ನಾನು ಕೇಳಿಸ್ಕೊಂಡೂ ಸುಮ್ಮನಿದ್ದೆ. ತಿಜಾನಿಗೆ ಸ್ಪಂಜಿನ ವಿಷಯ ನೀನು ಹೇಳಿದ್ಯಾ?"

ಅವನು ನನ್ನ ಮುಖ ನೋಡಲಿಲ್ಲ. ಸ್ಪಂಜು ಹೊದಿಸಿದ ಹಲಗೆಯ ಮೇಲೆ ಕೈಯಿಟ್ಟ.

"ಇಲ್ಲ," ಎಂದ.

ಪೆಟ್ಟಿಗೆ ಎತ್ತಲು ಇವರು ಕೈ ಹಾಕಿದರು. ಲಮೀನ್ ಆ ಕೈಯನ್ನು ಸರಿಸಿ ಒಬ್ಬನೇ ಹೊತ್ತುಕೊಂಡು ಹೋದ. ಅವನ ಗಾಡಿ ರಸ್ತೆಯ ಕೊನೆಯ ಎಣ್ಣೆಗಾಣದ ಹತ್ತಿರ ತನ್ನ ಬೀದಿಯನ್ನು ಬಿಟ್ಟು ತಿಜಾನಿಯ ಮನೆಯ ಕಡೆ ತಿರುಗಿತು. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು.

"ತಿಜಾನಿ ಬಾಗಿಲು ತೆಗೀತಾನಾ?" ಎಂದು ಇವರು ಕೇಳಿದರು.

"ನೀವಾಗಿದ್ರೆ ತೆಗೀತಿದ್ರಾ?" ಎಂದೆ.