ಹಿದುಕಿದ ಬೇಳೆಯ ಡಬ್ಬಿ

ಚಳಿ ಹಿಡಿಯುತ್ತಲೇ ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಅವರೆಕಾಯಿಯ ತಳ್ಳುಗಾಡಿ ಬಂದು ನಿಲ್ಲುತ್ತದೆ. ಬೆಳಿಗ್ಗೆ ಹಾಲು ತರಲು ಇಳಿದರೆ ಗೇಟು ಇನ್ನೂ ದೂರವಿರುವಾಗಲೇ ಆ ಸೊಗಡು ಮೂಗಿಗೆ ಬಡಿಯುತ್ತದೆ. ಹಸಿಹಸಿಯಾದ, ಎಣ್ಣೆ ಸವರಿದಂಥ, ಸ್ವಲ್ಪ ಮಣ್ಣು ಬೆರೆತ ವಾಸನೆ. ಮಾಡಿದ ಕೆಲಸವನ್ನೇ ಮಾಡಿ ಮಾಡಿ ಸುಸ್ತಾಗಿರುವ ಈ ವಯಸ್ಸಿನಲ್ಲಿ ಅದು ನನ್ನನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದರ ಹಿಂದೆ, ಈಗ ಇಲ್ಲದ ಒಂದು ಮನೆಯೂ.

ನಮ್ಮದು ಸುದ್ದಗುಂಟೆಪಾಳ್ಯದಲ್ಲಿತ್ತು. ಹೊಲ ಮಾರಿಯಾಗಿತ್ತು, ಹೊಲದ ಅಭ್ಯಾಸಗಳು ಮಾತ್ರ ಹೋಗಿರಲಿಲ್ಲ. ಅವರೆಯ ಕಾಲದಲ್ಲಿ ಸಂಜೆಯಾದರೆ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ನೆನೆಹಾಕಿದ ಕಾಳಿನ ಪಾತ್ರೆಯನ್ನು ನಡುಮನೆಗೆ ತಂದಿಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನನ್ನನ್ನು ತನ್ನ ಬಲಗಡೆಗೇ ಕೂರಿಸಿಕೊಳ್ಳುತ್ತಿದ್ದಳು. ಕಾಳನ್ನು ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪುಳಕ್ಕನೆ ಹಾರುತ್ತಿತ್ತು. ಚಿಕ್ಕಪ್ಪ ಬೇಕೆಂದೇ ಅಪ್ಪ ಓದುತ್ತಿದ್ದ ಪೇಪರಿಗೆ ಗುರಿ ಹಿಡಿಯುತ್ತಿದ್ದ. ಮಾತು ಎಲ್ಲೋ ಶುರುವಾಗಿ ಎಲ್ಲಿಗೋ ಹೋಗುತ್ತಿತ್ತು. ಪಾತ್ರೆ ಖಾಲಿಯಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ನಾನಾಗ ಕಾನ್ವೆಂಟಿನಲ್ಲಿ ಆರನೇ ಕ್ಲಾಸು. ಬೆಂಚಿನಲ್ಲಿ ಪಕ್ಕ ಕೂರುವ ಹುಡುಗಿ ಒಮ್ಮೆ ನನ್ನ ಕೈ ಮೂಸಿ ಮುಖ ಸಿಂಡರಿಸಿದಂದಿನಿಂದ ಬೆಳಿಗ್ಗೆ ಎರಡೆರಡು ಸಲ ಸೋಪು ಹಾಕಿ ಉಜ್ಜುತ್ತಿದ್ದೆ. ಅದೇ ಚಳಿಗಾಲದಲ್ಲಿ ಸಿಸ್ಟರ್, ನಿಮ್ಮ ಅತ್ಯಂತ ಸಂತೋಷದ ದಿನ ಯಾವುದೆಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆಸಿದರು. ನಾನು ಎಂದೂ ನೋಡಿರದ ಊಟಿಯ ಬಗ್ಗೆ ಬರೆದೆ. ದೋಣಿ, ಪುಟ್ಟ ರೈಲು, ನನ್ನ ಮೈಮೇಲೊಂದು ಬಿಳಿ ಸ್ವೆಟರು. ಸಿಸ್ಟರ್ ಕೆಂಪು ಶಾಯಿಯಲ್ಲಿ ನಕ್ಷತ್ರ ಬರೆದುಕೊಟ್ಟರು.

ಆ ಸಂಜೆ ದೊಡ್ಡಮ್ಮ ಬೇಳೆ ಹಿದುಕುತ್ತ, "ಅದೇನ್ ಬರ್ದೆ, ಕನ್ನಡದಲ್ಲಿ ಹೇಳವ್ವ" ಎಂದಳು. ಹೆಮ್ಮೆಯಿಂದ ಹೇಳಿದೆ. ಚಿಕ್ಕಪ್ಪ ಬಿದ್ದು ಬಿದ್ದು ನಕ್ಕ. "ನಮ್ಮನ್ನೆಲ್ಲ ಬಿಟ್ಟು ಯಾವಾಗ್ ಹೋಗಿದ್ಯೇ ಊಟಿಗೆ? ನಂಗೂ ಒಂದ್ ಸ್ವೆಟರ್ ತರ್ಬಾರ್ದಿತ್ತಾ?" ದೊಡ್ಡಮ್ಮ ನಗಲಿಲ್ಲ. "ಸುಮ್ನಿರೋ. ಅಲ್ಲ ಮಗಾ, ಬರ್ಯಕ್ಕೆ ಈ ಮನೇದು ಒಂದಿನಾನೂ ಸಿಗ್ಲಿಲ್ವಾ ನಿಂಗೆ?" ಸುಳ್ಳು ಸಿಕ್ಕಿಬಿದ್ದ ಸಿಟ್ಟು ನನಗೆ. "ಇಲ್ಲೇನಿದೆ ದೊಡ್ಡಮ್ಮ? ದಿನಾ ಇದೇ ಕಾಳು. ಕೈಯೆಲ್ಲ ಗಬ್ಬು ವಾಸ್ನೆ" ಎಂದುಬಿಟ್ಟೆ.

ಅವಳು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಮರುದಿನ ನಾನು ಎಂದಿನಂತೆ ಬಲಗಡೆ ಕೂರಹೋದಾಗ, "ನೀನ್ ಓದ್ಕೊ ಹೋಗು ಮಗಾ, ಕೈ ವಾಸ್ನೆ ಆಯ್ತದೆ" ಎಂದಳು. ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೂ ನನ್ನ ಕೈಗಾಗಿಯೇ ಹೇಳಿದ್ದು. ಒಳಗೆ ಪುಸ್ತಕ ಹಿಡಿದು ಅವರೆಲ್ಲರ ನಗು ಕೇಳುತ್ತ ಕೂತೆ. ಎದ್ದುಹೋಗಿ, ಸುಳ್ಳು ಬರೆದೆ ದೊಡ್ಡಮ್ಮ, ನನಗೆ ಇಲ್ಲೇ ಚೆನ್ನಾಗಿರುತ್ತೆ ಎಂದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಆ ಚಳಿಗಾಲವೂ ಮುಗಿಯಿತು, ಮುಂದಿನವೂ.

ಮದುವೆಯಾದ ಮೇಲೆ ವರ್ಷವರ್ಷವೂ ಅವಳು ಸ್ಟೀಲ್ ಡಬ್ಬಿಯ ತುಂಬ ಹಿದುಕಿದ ಬೇಳೆ ಹೊತ್ತು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಬೆರಳ ಗೆಣ್ಣುಗಳು ಊದಿ ಸೊಟ್ಟಗಾದ ಮೇಲೂ. "ನಿಂಗ್ಯಾಕವ್ವ ಆ ವಾಸ್ನೆ" ಎನ್ನುತ್ತಿದ್ದಳು. ಪ್ರತಿಸಲವೂ ಹೇಳಿಬಿಡೋಣ ಎಂದುಕೊಂಡು, ಕಾಫಿಗೆ ನೀರಿಡಲು ಎದ್ದುಹೋಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಕೊನೆಯ ಡಬ್ಬಿ ನನ್ನಲ್ಲೇ ಉಳಿಯಿತು. ಆ ಮನೆಯಿದ್ದ ಜಾಗದಲ್ಲಿ ಈಗ ಐದಂತಸ್ತಿನ ಪಿಜಿ. ಊಟಿಗೂ ಆಮೇಲೆ ಮೂರು ಸಲ ಹೋದೆ, ಚೆನ್ನಾಗಿಯೇ ಇತ್ತು. ಸಂತೋಷವಾಗಿರುವುದು ಹೇಗೆಂದು ಮೊಬೈಲಿಗೆ ದಿನಾ ಯಾರಾದರೂ ಕಳಿಸುತ್ತಾರೆ. ಓದುವಷ್ಟು ತ್ರಾಣವಿರುವುದಿಲ್ಲ.

ಈ ಸಲ ಅಂಗಡಿಯ ಬೇಳೆ ಪ್ಯಾಕೆಟ್ಟು ಬಿಟ್ಟು ಕಾಯಿಯನ್ನೇ ತಂದೆ. "ಹಿದ್ಕಿದ್ದೇ ಸಿಗುತ್ತಲ್ಲ, ಯಾಕ್ ಒದ್ದಾಡ್ತೀಯಾ?" ಎಂದರು ನಮ್ಮವರು. ಸುಲಿದು, ನೆನೆಹಾಕಿ, ಮರುದಿನ ಸಂಜೆ ಹಾಲ್‌ನ ನೆಲದ ಮೇಲೆ ಕೂತೆ. ಮೊದಲ ಬೇಳೆಯೇ ಹಾರಿ ಸೋಫಾದ ಕೆಳಗೆ ಹೋಯಿತು. ನಗಲು ಯಾರೂ ಇರಲಿಲ್ಲ. ಎಷ್ಟು ಹಿದುಕಿದರೂ ಪಾತ್ರೆ ಅರ್ಧಕ್ಕೂ ಇಳಿಯಲಿಲ್ಲ. ಮಬ್ಬುಗತ್ತಲಾಗಿ, ಲೈಟು ಹಾಕಲು ಎದ್ದಾಗಲೇ ಗಮನಿಸಿದ್ದು: ನನಗೇ ತಿಳಿಯದೆ, ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆ.