ಕನ್ಯೆ ನೋಡಲು ಹೋದಾಗ ನಡೆದ ವಿಚಾರಣೆ

“ನಿಮ್ಮ ತಂದೆಯವರು ಪಡಸಾಲ್ಯಾಗ ಕುಂದರ್ಲಿ. ನೀವೊಬ್ಬರ ಹಿತ್ತಲಕ ಬರ್ರಿ” ಎಂದರು ಹುಡುಗಿಯ ಅಪ್ಪ. ತೊಂಬತ್ತರ ದಶಕದಲ್ಲಿ ಹೂಲಿಯಿಂದ ಸಂಪಗಾಂವಕ್ಕೆ ಕನ್ಯೆ ನೋಡಲು ಹೋಗಿದ್ದೆವು. ಅವರು ಆಗಷ್ಟೇ ನಿವೃತ್ತರಾಗಿದ್ದ ಪೊಲೀಸ್ ಫೌಜದಾರರು. ಅವಲಕ್ಕಿಯ ತಾಟು ನನ್ನ ಕೈಯಲ್ಲಿರುವಾಗಲೇ ವಿಚಾರಣೆ ಶುರುವಾಯಿತು.

“ಸಿಟ್ಟು ಬರ್ತೈತೇನು?”

“ಪಲ್ಯಾದಾಗ ಉಪ್ಪು ಕಡಿಮಿ ಆದ್ರ ಬರ್ತೈತ್ರಿ” ಎಂದುಬಿಟ್ಟೆ.

ಅವರು ಪಡಸಾಲೆಗೆ ಹೋಗಿ ಅದೇ ಪ್ರಶ್ನೆಯನ್ನು ನಮ್ಮಪ್ಪನಿಗೂ ಹಾಕಿದರು. “ನಮ್ಮ ಹುಡುಗ ಆಕಳ ಇದ್ದಂಗ್ರಿ. ಸಿಟ್ಟಂದ್ರ ಏನಂತ ಗೊತ್ತಿಲ್ಲ” ಎಂಬ ಅಪ್ಪನ ದನಿ ಹಿತ್ತಲಿಗೂ ಕೇಳಿಸಿತು. ಸಂಬಂಧ ಮುರಿಯಿತೆಂದು ನಾನು ಅವಲಕ್ಕಿಯನ್ನು ಬೇಗ ಬೇಗ ಮುಗಿಸತೊಡಗಿದೆ.

ಫೌಜದಾರರು ನನ್ನನ್ನು ಒಳಗೆ ಕರೆದು ಅಪ್ಪನ ಪಕ್ಕದಲ್ಲಿ ಕೂರಿಸಿದರು. ಆಮೇಲೆ ಅಪ್ಪನಿಗೆ ಹೇಳಿದರು: “ಇಬ್ರೂ ಒಂದ ಮಾತು ಹೇಳಿದ್ರ, ಕಲ್ತು ಬಂದಾರಂತ ಎಬ್ಬಿಸಿ ಕಳಸ್ತಿದ್ದೆ. ಹುಡುಗ ಖರೇ ಹೇಳಿದ. ನೀವು ಮಗನ ಸಲುವಾಗಿ ಸುಳ್ಳು ಹೇಳಿದ್ರಿ. ನನ್ನ ಮಗಳನ್ನ ಇಂಥಾ ಮನಿಗೇ ಕೊಡಾಂವ ನಾ.”

ವರ್ಷಗಳಾದ ಮೇಲೆ ಬೈಲಹೊಂಗಲದ ನಮ್ಮ ಮನೆಯಲ್ಲಿ ನನ್ನ ಹೊಸ ರೇಡಿಯೊ ಬಿದ್ದು ಒಡೆಯಿತು. “ಅದನ್ನ ನಾನ ಕೆಡವೇನಿ” ಎಂದು, ನಮ್ಮಲ್ಲಿಗೆ ಬಂದಿದ್ದ ಫೌಜದಾರ ಮಾವನವರು ಮುಂದೆ ಬಂದರು. ನನ್ನ ಮಗಳು ಮಾತ್ರ ಆಗಲೇ ಹಿತ್ತಲಲ್ಲಿ ನನ್ನೆದುರು ತಪ್ಪೊಪ್ಪಿಕೊಂಡಿದ್ದಳು. ನನಗೆ ಸಿಟ್ಟು ಬರಲಿಲ್ಲ. ಹೆಣ್ಣು ಕೊಟ್ಟವರ ಮನೆತನವೂ ಒಳ್ಳೆಯದೇ ಎಂದು ಅಂದು ಖಾತ್ರಿಯಾಯಿತು.